ಗಂಜಿ ಹಾಕಿದ ಅರ್ಜಿ

ನಮ್ಮ ಮಾಮಾ ಮೆಟ್ರಿಕ್‌ನಲ್ಲಿ ಫೇಲಾದದ್ದು ಒಂದೇ ಸಲ. ಆದರೆ ಅವರು ಫೇಲು ಮಾಡಿದ ವಿಶ್ವವಿದ್ಯಾಲಯಗಳು ಎರಡು! ಮೂರನೆಯದಕ್ಕೆ ಮಾತ್ರ ಪಾಸು ಮಾರ್ಕು ಕೊಟ್ಟರು. ಹಾಗಾಗಿ ನಾನು ಅಲ್ಲಿ ಓದಿದೆ.

ನಗಬೇಡಿ. ಅಥವಾ ನಗಿ, ಆದರೆ ನಂಬಿ. ಪೂರ್ತಿ ನಂಬಬೇಕೆಂದೂ ಇಲ್ಲ. ಇದನ್ನು ಇಷ್ಟು ವರ್ಷಗಳಲ್ಲಿ ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳಿದಂತೆಲ್ಲ ಅದು ನುಣ್ಣಗಾಗುತ್ತ ಬಂದಿದೆ. ನಡೆದದ್ದು ಇಷ್ಟು ನುಣ್ಣಗಿರಲಿಲ್ಲ ಎಂಬುದಷ್ಟೇ ನನಗೆ ಗೊತ್ತು. ಅನುಮಾನವಿರುವ ಕಡೆ ಅನುಮಾನವೆಂದೇ ಬರೆಯುತ್ತೇನೆ.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ರಬಕವಿಯಲ್ಲಿ ನಮ್ಮದೇ ಓಣಿಯಲ್ಲಿ ಅವರ ಮನೆ, ಮನೆಯೊಳಗೆ ನಾಲ್ಕು ಕೈಮಗ್ಗ. ನೇಯ್ದ ಸೀರೆಗಳನ್ನು ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಿಗೆ ತಾವೇ ಒಯ್ದು ಕೊಡುತ್ತಿದ್ದರು. ಉಳಿದ ವ್ಯಾಪಾರಿಗಳು ತಮ್ಮ ಸೀರೆಯನ್ನು ಹೊಗಳಿದವರ ಹೆಸರು ನೆನಪಿಟ್ಟುಕೊಂಡರೆ ಮಾಮಾ ವಾಪಸು ತಂದವರ ಹೆಸರು ನೆನಪಿಟ್ಟುಕೊಳ್ಳುತ್ತಿದ್ದರು. ಸೀರೆ ವಾಪಸು ಬಂತೆಂದರೆ ಅವರಿಗೆ ಹಬ್ಬ! ತಂದವಳನ್ನು ಕೂಡಿಸಿ, ಚಹಾ ತರಿಸಿ ಕೇಳುವರು:

“ಎಲ್ಲಿ ಕೈ ಕೊಟ್ಟಿತು ಹೇಳವ್ವಾ. ಬಣ್ಣ ಬಿಟ್ಟಿತೋ, ಸೆರಗು ಜಗ್ಗಿತೋ? ಬಿಡಿಸಿ ಹೇಳು. ನಾಚಬ್ಯಾಡ, ಬೈ.”

ಆಕೆ ಬೈಯುತ್ತಿದ್ದಳು. ಮಾಮಾ ಕಣ್ಣು ಮುಚ್ಚಿ, ತಲೆಯಾಡಿಸುತ್ತ, ಸಂಗೀತ ಕೇಳಿದಂತೆ ಕೇಳುತ್ತಿದ್ದರು.

ಇದು ಸೀರೆಯಲ್ಲೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಯಾವ ಖಾನಾವಳಿ ಒಳ್ಳೆಯದು ಎಂದು ತಿಳಿಯಲು ಅವರು ಅರ್ಧ ಊಟ ಬಿಟ್ಟು ಎದ್ದವನನ್ನು ಹುಡುಕುತ್ತಿದ್ದರು. ಬಸ್ಸು ಸಮಯಕ್ಕೆ ಸರಿಯಾಗಿ ಹೊರಡುತ್ತದೆಯೇ? ಹತ್ತಿದವರನ್ನು ಕೇಳಿ ಏನು ಪ್ರಯೋಜನ! ತಪ್ಪಿಸಿಕೊಂಡು ನಿಂತವನನ್ನು ಕೇಳಬೇಕು. ಅವನು ಸಿಡಿಮಿಡಿಗೊಂಡಷ್ಟೂ ಬಸ್ಸು ಪ್ರಾಮಾಣಿಕ.

“ಮತ್ತ ಡಾಕ್ಟರು ಛಲೋ ಅದಾರೋ ಇಲ್ಲೋ ಅನ್ನೂದು ಯಾರನ್ನ ಕೇಳತೀರಿ?” ಎಂದು ಅತ್ತೆ ಒಮ್ಮೆ ಕೇಳಿದರು.

“ಅದೊಂದರಾಗ ನನ್ನ ಪದ್ಧತಿ ನಡ್ಯೂದಿಲ್ಲ,” ಎಂದು ಮಾಮಾ ಒಪ್ಪಿಕೊಂಡರು.

ನಾನು ಜಮಖಂಡಿಯಲ್ಲಿ ಬಿ.ಎ. ಮುಗಿಸಿದ ವರ್ಷ ಅವರ ಈ ಪದ್ಧತಿ ನನ್ನ ತಲೆಯ ಮೇಲೆ ಬಂದು ಕೂತಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಒಂದೆರಡು ವರ್ಷ ಆಗಿದ್ದಿರಬೇಕು. ನನಗೆ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ. ಅಷ್ಟರಲ್ಲಿ ಬನಹಟ್ಟಿಯ ಒಂದು ಶಾಲೆಯಿಂದ ಮಾಸ್ತರಿಕೆಯ ಆದೇಶವೂ ಬಂದಿತ್ತು. ಸಹಕಾರ ಸಂಘದಲ್ಲಿ ಕಾರಕೂನರಾಗಿದ್ದ ನನ್ನ ಅಪ್ಪ ಆದೇಶದ ಕಾಗದವನ್ನು ಎರಡು ಸಲ ಓದಿ, ಮಡಿಚಿ, ದೇವರ ಫೋಟೋದ ಹಿಂದೆ ಇಟ್ಟರು.

“ಈ ಸಲ ಸೀಟು ಸಿಕ್ಕರ ಹೋಗು, ನಾ ಬ್ಯಾಡ ಅನ್ನೂದಿಲ್ಲ,” ಎಂದರು. “ಸಿಗಲಿಲ್ಲ ಅಂದರ ಬನಹಟ್ಟಿ. ಮುಂದಿನ ವರ್ಷ ನೋಡೂಣು ಅನ್ನೂ ಮಾತು ಮಾತ್ರ ಬ್ಯಾಡ.”

ಅನ್ಯಾಯದ ಮಾತೇನಲ್ಲ. ಹಾಗಾಗಿ ಜಗಳವಾಡಲೂ ಬರುವಂತಿರಲಿಲ್ಲ. ಒಂದೇ ಅವಕಾಶ. ಅದನ್ನು ಎಲ್ಲಿ ಖರ್ಚು ಮಾಡಬೇಕು? ಧಾರವಾಡವೋ, ಮೈಸೂರೋ, ಕೊಲ್ಹಾಪುರವೋ? ನನ್ನ ಕಾಲೇಜಿನ ಮೇಷ್ಟರನ್ನು ಕೇಳೋಣ ಎಂದೆ. ಮಾಮಾ ನಕ್ಕುಬಿಟ್ಟರು.

“ಅವರು ಪಾಸಾದವರು, ಬೇ! ಪಾಸಾದಾಂವ ತನ್ನನ್ನ ಹೊಗಳಕೋತಾನ. ಯೂನಿವರ್ಸಿಟಿ ಬಗ್ಗೆ ಏನ್ ಹೇಳತಾನ? ನಡಿ, ಫೇಲಾದವರನ್ನ ಹುಡುಕೂಣು.”

ಹುಡುಕುವುದೇನು ಕಷ್ಟ! ಸೀರೆ ಕೊಡಲು ಹೋದ ಊರುಗಳಲ್ಲೆಲ್ಲ ವಿಚಾರಿಸಿ, ಒಂದು ವಾರದಲ್ಲಿ ಮೂವರನ್ನು ಗೊತ್ತು ಮಾಡಿಕೊಂಡು ಬಂದರು. ಒಂದೊಂದು ವಿಶ್ವವಿದ್ಯಾಲಯಕ್ಕೆ ಒಬ್ಬೊಬ್ಬರು.

ಮೊದಲನೆಯವರು ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ, ಕೊಲ್ಹಾಪುರಕ್ಕೆ ಹೋಗಿ ಫೇಲಾಗಿ ಬಂದವರು. ಬೆಲ್ಲದ ಪೆಂಟೆಗಳ ನಡುವೆ ಕೂತು, ಫೇಲಾಗಲು ಕಾರಣಗಳನ್ನು ಒಂದೊಂದಾಗಿ ಇಳಿಸಿದರು. ಪ್ರಶ್ನೆಪತ್ರಿಕೆ ಸರಿಯಿರಲಿಲ್ಲ. ರೂಮಿನ ಮಾಲಕ ಸರಿಯಿರಲಿಲ್ಲ. ಮೆಸ್ಸಿನ ಸಾರಿನಲ್ಲಿ ಖಾರ ಜಾಸ್ತಿ. ಪಕ್ಕದ ರೂಮಿನವನಿಗೆ ಗೊರಕೆ. ನಾವು ಎದ್ದು ಹೊರಡುವಾಗಲೂ ಹಿಂದಿನಿಂದ ಕೂಗಿ ಒಂದು ಕಾರಣ ಸೇರಿಸಿದರು: ನೀರು!

“ಈ ಮನಷಾ ಸೀರಿ ತಗೊಂಡಿದ್ದರ ಉಡೂಕಿಂತ ಮೊದಲ ವಾಪಸು ತರತಿದ್ದ,” ಎಂದರು ಮಾಮಾ. “ಇವನ ಮಾತು ಲೆಕ್ಕಕ್ಕ ಹಿಡೀಬಾರದು. ಆದರ ಹೊಗಳಾಕ ಒಂದೂ ಸಿಗಲಿಲ್ಲ ಅಂದ ಮ್ಯಾಲ ಕೊಲ್ಹಾಪುರಕ್ಕೂ ಮಾರ್ಕ್ಸ್ ಹಾಕಾಕ ಆಗೂದಿಲ್ಲ.”

ಎರಡನೆಯವರು ಜಮಖಂಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಮೈಸೂರಿನಲ್ಲಿ ಎರಡು ವರ್ಷ ಇದ್ದು ಬಂದವರು. ಮಾತಿನಲ್ಲಿ ಬಹಳ ಮೃದು. “ಊರು ಭಾಳ ಚಂದ ಐತ್ರಿ. ತಂಪು. ಮಧ್ಯಾಹ್ನ ಊಟ ಆದ ಮ್ಯಾಲ ಹಂಗ ಕಣ್ಣು ಮುಚ್ಚಿದರ, ಏನ್ ನಿದ್ದಿ ಅಂತೀರಿ! ಆ ನಿದ್ದಿ ಇಲ್ಲಿ ಮತ್ತ ಬರಲಿಲ್ಲ ನೋಡ್ರಿ,” ಎಂದು ಕಣ್ಣು ಒದ್ದೆ ಮಾಡಿಕೊಂಡರು.

ಹೊರಗೆ ಬಂದು ಮಾಮಾ ತೀರ್ಪು ಕೊಟ್ಟರು: “ನಿದ್ದಿ ಮಾಡಾಕ ಅಷ್ಟು ದೂರ ಯಾಕ ಹೋಗಬೇಕು? ರಬಕವ್ಯಾಗ ಹಾಸಿಗಿ ಇಲ್ಲೇನು?” ಹೀಗೆ ಮೈಸೂರೂ ಫೇಲಾಯಿತು. ಇದರಲ್ಲಿ ಮೈಸೂರಿನ ತಪ್ಪೇನು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮಾಮಾ ಆಗಲೇ ಬಸ್ ನಿಲ್ದಾಣದ ಕಡೆ ಹೊರಟಿದ್ದರು.

ಮೂರನೆಯವರು ಮುಧೋಳದಲ್ಲಿ ಬಸ್ ನಿಲ್ದಾಣದ ಎದುರು ಪುಟ್ಟ ಅಂಗಡಿ ಇಟ್ಟಿದ್ದರು. ನೋಟುಬುಕ್ಕಿನ ಅಂಗಡಿ ಎಂದು ನನ್ನ ನೆನಪು. ಛತ್ರಿ ರಿಪೇರಿಯದೂ ಇರಬಹುದು. ನೋಟುಬುಕ್ಕು ಎಂದರೆ ಕಥೆಗೆ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ಅನುಮಾನ. ಅವರು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ.ಗೆ ಕೂತವರು.

“ಎಷ್ಟು ಸಲ ಹ್ವಾತ್ರಿ?” ಎಂದು ಮಾಮಾ ಕಾಯಿಲೆ ವಿಚಾರಿಸುವ ದನಿಯಲ್ಲಿ ಕೇಳಿದರು.

“ಮೂರು ಸಲ.”

“ಯಾರ ತಪ್ಪು?”

“ನಂದ ರೀ. ಗಣಿತ ನನಗ ಬರಲಿಲ್ಲ. ಆದರ ಆ ಲೈಬ್ರರಿ ಐತಲ್ಲ…” ಎಂದು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಗುಡ್ಡದ ಮೇಲಿನ ಗಾಳಿ, ಪುಸ್ತಕಗಳ ಸಾಲು, ಅಲ್ಲಿ ಯಾರೂ ನೀನು ಯಾರ ಮಗ ಎಂದು ಕೇಳದಿರುವುದು. ಗಿರಾಕಿಯೊಬ್ಬ ಬಂದು ನಿಂತು, ಕಾದು, ಹೊರಟುಹೋದ. ಅವರು ನನ್ನ ಕಡೆ ತಿರುಗಿದರು. “ಪಶ್ಚಿಮದ ಕಡೆ ಕಿಟಕಿ ಅದಾವು ತಂಗಿ, ಅಲ್ಲಿ ಕುಂದ್ರು. ಮೂರು ಗಂಟೆ ಮ್ಯಾಲ ಬಿಸಲು ಪುಸ್ತಕದ ಮ್ಯಾಲ ಬೀಳತೈತಿ. ಕುರ್ಚಿ ಒಂದು ಗೇಣು ಸರಿಸಿಕೋ. ಭಾಳ ಸರಿಸಬ್ಯಾಡ, ಕಂಬ ಅಡ್ಡ ಬರತೈತಿ.”

ರಸ್ತೆಗೆ ಬಂದು ಮಾಮಾ ಧೋತರ ಸರಿಪಡಿಸಿಕೊಂಡರು. “ಆತು. ಧಾರವಾಡ.”

“ಮಾಮಾ, ಅವರು ಮೂರು ಸಲ ಫೇಲಾಗ್ಯಾರ!”

“ಅದಕ್ಕ ಹೇಳೂದು. ಮೂರು ಸಲ ಹರಿದ ಸೀರಿನ್ನ ಯಾರರ ಇಷ್ಟು ಹೊಗಳಿದ್ದು ಕೇಳೀಯೇನು?”

ವಿಶ್ವವಿದ್ಯಾಲಯವೊಂದನ್ನು ಆರಿಸಲು ಇದಕ್ಕಿಂತ ಉತ್ತಮ ಕಾರಣ ನನಗೆ ಇವತ್ತಿಗೂ ಯಾರೂ ಹೇಳಿಲ್ಲ.

ಅರ್ಜಿ ನಮೂನೆ ಅಂಚೆಯಲ್ಲಿ ಬಂತು. ನಾನು ತುಂಬುತ್ತ ಕೂತೆ, ಮಾಮಾ ಪಕ್ಕದಲ್ಲಿ ಕೂತು ಕಾವಲು ಕಾಯ್ದರು. “ಇತರ ಸಾಧನೆಗಳು” ಎಂಬಲ್ಲಿ ನಾನು ಗೆರೆ ಎಳೆಯಲು ಹೋದಾಗ ಕೈ ಹಿಡಿದರು.

“ಯಾಕ ಗೆರಿ ಎಳೀತಿ? ಲಾಳಿಗೆ ಹಾಕೂ ನೂಲಿನ ಕಂಡಕಿ ತಾಸಿಗೆ ಎಷ್ಟು ಸುತ್ತತೀ ಅದನ್ನ ಬರಿ. ಓಣ್ಯಾಗ ನಿನ್ನಷ್ಟು ಜೋರು ಸುತ್ತಾಕಿ ಯಾರದಾಳ?”

ಬರೆಯಲಿಲ್ಲ. ಅದಕ್ಕೆ ಅವರು ಎರಡು ದಿನ ಮುನಿಸಿಕೊಂಡರು.

ಮೂರನೆಯ ದಿನ ಅವರ ಮನೆಗೆ ಹೋದೆ. ಅರ್ಜಿಯನ್ನೂ ಅಂಕಪಟ್ಟಿಯನ್ನೂ ಜೋಪಾನವಾಗಿ ಇಡಲು ಅವರ ಕೈಗೇ ಕೊಟ್ಟಿದ್ದೆ. ಅಂಗಳದಲ್ಲಿ ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ ನನ್ನ ಅರ್ಜಿ! ಅದರ ಪಕ್ಕದಲ್ಲಿ ನನ್ನ ಅಂಕಪಟ್ಟಿ! ಎರಡೂ ಬೆಳಗಿನ ಬಿಸಿಲಿನಲ್ಲಿ ಹೊಸ ಸೀರೆಯ ಹಾಗೆ ಗರಿಗರಿಯಾಗಿ ಅಲ್ಲಾಡುತ್ತಿದ್ದವು.

“ಮಾಮಾ! ಏನ್ ಮಾಡೀ ಇದು?”

“ಗಂಜಿ ಹಾಕೇನಿ.”

ನೇಕಾರರ ಓಣಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಸಿನ ನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಚಾಚಿ ಗಂಜಿ ಹಚ್ಚುತ್ತಾರೆ. ಗಂಜಿ ಕುಡಿಯದ ನೂಲು ಮಗ್ಗದ ಪೆಟ್ಟು ತಾಳುವುದಿಲ್ಲ, ಪಟಪಟ ಹರಿಯುತ್ತದೆ. ಮಾಮಾ ಅರ್ಜಿಯನ್ನು ಬೆರಳಿನಿಂದ ಮುಟ್ಟಿ ನೋಡಿದ್ದಾರೆ. ಕಾಗದ ಮೆತ್ತಗಿದೆ.

“ಅಲ್ಲಿ ಎಷ್ಟು ಮಂದಿ ಕೈಯಾಗ ಹೋಗಬೇಕು ಅದು! ಒಬ್ಬಾಂವ ಜಗ್ಗತಾನ, ಒಬ್ಬಾಂವ ಒಗೀತಾನ. ಕಸುವಿಲ್ಲದ ಕಾಗದ ನಡೂ ದಾರ್ಯಾಗ ಹರೀತೈತಿ. ಹಿಂದಿನ ಬಾಜೂ ಅಷ್ಟ ಹಚ್ಚೇನಿ, ಅಕ್ಷರ ಮುಟ್ಟಿಲ್ಲ. ನಾ ಏನ್ ಶಾಣ್ಯಾ ಅಲ್ಲೇನು?”

ಅಕ್ಷರ ಕೆಟ್ಟಿರಲಿಲ್ಲ, ನಿಜ. ಅಪ್ಪನಿಗೆ ಹೇಳಿದರೆ ಅಂದೇ ಬನಹಟ್ಟಿಗೆ ಕಳಿಸುತ್ತಾರೆಂದು ಸುಮ್ಮನಿದ್ದೆ. ಕೊನೆಯ ದಿನ ನಾನು, ಮಾಮಾ ಇಬ್ಬರೂ ಧಾರವಾಡದ ಬಸ್ಸು ಹತ್ತಿದೆವು. ಆಷಾಢದ ಜಿನುಗು ಮಳೆ, ಕಿಟಕಿಯಿಂದ ತೇವದ ಗಾಳಿ. ಕಾಗದ ಹಾರೀತೆಂದು ಮಾಮಾ ಅರ್ಜಿಯ ಲಕೋಟೆಯನ್ನು ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟುಕೊಂಡರು. ಅಂದರೆ ಅದರ ಮೇಲೆ ಕೂತರು! ಮುಧೋಳ, ಲೋಕಾಪುರ, ಯರಗಟ್ಟಿ, ಸವದತ್ತಿ; ಎಲ್ಲಿಯೂ ಏಳಲಿಲ್ಲ. ಕಚೇರಿಯ ಕಿಟಕಿಯಲ್ಲಿ ನೂಕುನುಗ್ಗಲು. ಲಕೋಟೆ ಒಳಗೆ ಹೋಯಿತು. ನಾವು ಊರಿಗೆ ಮರಳಿದೆವು.

ಪಟ್ಟಿ ಹಚ್ಚಿದ ದಿನ ಮತ್ತೆ ಅದೇ ಬಸ್ಸು. ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಮಾಮಾ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದರು. ಪಕ್ಕದಲ್ಲೊಂದು ಸಣ್ಣ ಪಟ್ಟಿ: ಅಪೂರ್ಣ ಅರ್ಜಿಗಳು. ಅದರಲ್ಲಿ ನಾನಿದ್ದೆ. ಹೆಸರಿನ ಮುಂದೆ “ಮೂಲ ಅಂಕಪಟ್ಟಿ ಇಲ್ಲ” ಎಂದಿತ್ತು. ಸಂಜೆ ಐದರೊಳಗೆ ಸರಿಪಡಿಸದಿದ್ದರೆ ಅರ್ಜಿ ತಿರಸ್ಕೃತ.

ಒಳಗೆ ಹೋದೆವು. ಅಲ್ಲಿಯ ಕಾರಕೂನರು ತಾಳ್ಮೆಯ ಮನುಷ್ಯ. ಅರ್ಜಿಗಳ ರಾಶಿಯನ್ನು ಹೊರಗೆ ತೆಗೆದರು. ಉಳಿದ ಅರ್ಜಿಗಳೆಲ್ಲ ಬಾಗಿ ಮಲಗಿದ್ದರೆ ಒಂದು ಮಾತ್ರ ಹಲಗೆಯಂತೆ ನೆಟ್ಟಗೆ ನಿಂತಿತ್ತು. ಅವರು ಅದನ್ನು ಹೊರಗೆಳೆದು, ಮೇಜಿಗೆ ಬಡಿದು ಸಪ್ಪಳ ಕೇಳಿದರು.

“ಏನವಾ ಇದು, ಅರ್ಜಿನೋ ಹಪ್ಪಳನೋ? ಅಂಕಪಟ್ಟಿ ಎಲ್ಲದ?”

ಅದನ್ನು ತಿರುವಿದರೆ ಹಿಂದೆಯೇ ಇತ್ತು! ಗಂಜಿ ಹಚ್ಚಿದ ಬೆನ್ನಿಗೆ ಗಂಜಿ ಹಚ್ಚಿದ ಬೆನ್ನು, ನಡುವೆ ಆಷಾಢದ ತೇವ, ಮೇಲೆ ಆರು ತಾಸು ಮಾಮಾ. ಎರಡು ಕಾಗದಗಳು ಒಂದಾಗಿ, ಮುಂದೆ ನನ್ನ ಅರ್ಜಿ, ಹಿಂದೆ ನನ್ನ ಅಂಕಗಳು, ನಾಣ್ಯದ ಎರಡು ಮುಖಗಳ ಹಾಗೆ. ಹಿಂಬದಿಯಲ್ಲಿ ಇರುವುದು ಬೇರೆಯದೇ ಕಾಗದ ಎಂದು ಯಾರಿಗೆ ತಾನೆ ಹೊಳೆಯಬೇಕು?

“ನಕಲು ಪ್ರತಿ ಅಚ್ಚು ಹಾಕ್ಯಾರ ಅಂದುಕೊಂಡಿದ್ವಿ,” ಎಂದರು ಕಾರಕೂನರು. “ಮೂಲ ಪ್ರತಿ ಬ್ಯಾರೆ ಇರಬೇಕು. ಬ್ಯಾರೆ ಫೈಲಿಗೆ ಹೋಗತದ ಅದು. ಹರೀದ್ಹಂಗ ಬಿಡಿಸಿಕೊಂಡು ಬರ್ರಿ. ಹರಿದರ ಮಾತ್ರ ನನ್ನ ಕೈಯಾಗ ಏನೂ ಇಲ್ಲ.”

ಹೊರಗೆ ಮೆಟ್ಟಿಲ ಮೇಲೆ ನಾನು ಅತ್ತುಬಿಟ್ಟೆ. ಕಿರುಚಿಯೂ ಇರಬೇಕು. “ನಿನ್ನ ಗಂಜಿ ಸುಡ್ಲಿ! ನಾ ಬನಹಟ್ಟಿಗೆ ಹೋಗತೀನಿ, ಆತಲ್ಲ?” ಎಂದದ್ದು ನೆನಪಿದೆ. ಮಾಮಾ ವಾಪಸು ಬಂದ ಸೀರೆಯ ಮುಂದೆ ಕೂತಂತೆ ಕೂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ಕ್ಯಾಂಟೀನಿಗೆ ನಡೆದರು.

“ಚಹಾ ಬ್ಯಾಡಪಾ,” ಎಂದರು ಅಲ್ಲಿಯವನಿಗೆ. “ಚಹಾದ ಉಗಿ ಕೊಡು.”

ಕುದಿಯುವ ಪಾತ್ರೆಯ ಪಕ್ಕದಲ್ಲಿ ಅವರು ಎರಡು ತಾಸು ನಿಂತರು. ಕಾಗದದ ಒಂದು ಮೂಲೆಯನ್ನು ಉಗಿಗೆ ಹಿಡಿಯುವುದು, ಹಿಂದೆ ತೆಗೆಯುವುದು, ಹೆಬ್ಬೆರಳಿನ ಉಗುರಿನಿಂದ ಕೂದಲೆಳೆಯಷ್ಟು ಬಿಡಿಸುವುದು, ಊದುವುದು. ಅಕ್ಷರಗಳಿಗೆ ಉಗಿ ತಾಕದಂತೆ ಅಂಗೈ ಅಡ್ಡ. ಚಹಾ ಕುಡಿಯಲು ಬಂದ ಹುಡುಗರು ಸುತ್ತ ನಿಂತು ನೋಡಿದರು. ಕ್ಯಾಂಟೀನಿನವನು ಗಿರಾಕಿಗಳನ್ನು ಬಿಟ್ಟು ಪಾತ್ರೆಗೆ ನೀರು ಹಾಕುತ್ತಲೇ ಇದ್ದ. ಮಗ್ಗದಲ್ಲಿ ಹರಿದ ಎಳೆಯನ್ನು ಹುಡುಕಿ ಕಟ್ಟುವ ಬೆರಳುಗಳು. ಅವಸರ ಎಂಬುದೇ ಅವಕ್ಕೆ ತಿಳಿದಿರಲಿಲ್ಲ. ನಡುವೆ ಒಂದು ಕಡೆ ಕಾಗದ ಚರ್ ಎಂದಿತು. ನಾನು ಕಣ್ಣು ಮುಚ್ಚಿದೆ. ಹರಿದದ್ದು ಅರ್ಜಿಯ ಅಂಚು, ಅಂಕಪಟ್ಟಿಯಲ್ಲ.

ಐದಕ್ಕೆ ಹತ್ತು ನಿಮಿಷವಿತ್ತು ಎಂದು ಹೇಳುವುದು ನನ್ನ ಅಭ್ಯಾಸ. ನಾಲ್ಕೂವರೆ ಇದ್ದಿರಬಹುದು. ಕಾರಕೂನರು ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿದರು, ಒಳಗೆ ಸಾಹೇಬರ ಹತ್ತಿರ ಹೋದರು, ಬಂದರು. ಗೋಡೆಯ ಮೇಲಿನ ಟೈಪು ಮಾಡಿದ ಪಟ್ಟಿಯ ಕೆಳಗೆ ತಮ್ಮ ಪೆನ್ನಿನಿಂದ ನನ್ನ ಹೆಸರು ಬರೆದರು.

ನನಗೆ ಅದನ್ನು ನೋಡಿ ಒಂಥರಾ ಅವಮಾನ. ಎಲ್ಲರ ಹೆಸರೂ ಟೈಪಿನಲ್ಲಿ, ನನ್ನದೊಂದು ಶಾಯಿಯಲ್ಲಿ. ಮಾಮಾ ಮಾತ್ರ ಅದರ ಮುಂದಿನಿಂದ ಕದಲಲೊಲ್ಲರು.

“ಉಳಿದವರದೆಲ್ಲಾ ಪವರ್‌ಲೂಮ್, ಬೇ,” ಎಂದರು. “ನಿಂದೊಂದು ಕೈಮಗ್ಗ!”

ರಾತ್ರಿಯ ಬಸ್ಸಿನಲ್ಲಿ ಹೊರಟು, ತರಗತಿ ಶುರುವಾಗುವ ದಿನ ಬೆಳಿಗ್ಗೆ ಟ್ರಂಕು ಹೊತ್ತು ಬಂದವರೂ ಅವರೇ. ಹಾಸ್ಟೆಲಿನ ಬಾಗಿಲಲ್ಲಿ ನಿಂತು, ಹತ್ತು ಗಂಟೆಯ ಬಸ್ಸಿದೆ, ಹೊರಟೆ ಎಂದರು. ನಾನು ಕಾಲು ಮುಟ್ಟಿ ನಮಸ್ಕರಿಸಿದೆ. ಅವರು ತಿರುಗಿ ನೋಡದೆ ಇಳಿಜಾರಿನಲ್ಲಿ ಹೋದರು.

ಹನ್ನೊಂದಕ್ಕೆ ಮೊದಲ ತರಗತಿ. ಅಷ್ಟು ದೊಡ್ಡ ಕೋಣೆಯಲ್ಲಿ ನಾನು ಎಂದೂ ಕೂತಿರಲಿಲ್ಲ. ಇದ್ದ ಹುಡುಗಿಯರು ಬೆರಳೆಣಿಕೆಯಷ್ಟು. ಎಲ್ಲರ ಇಂಗ್ಲಿಷೂ ನನ್ನದಕ್ಕಿಂತ ಚೆನ್ನಾಗಿತ್ತು. ಪ್ರಾಧ್ಯಾಪಕರು ಹಾಜರಿ ಪುಸ್ತಕ ತೆಗೆದು, ಇವತ್ತು ಬರದವರ ಸೀಟು ಕಾಯುತ್ತಿರುವವರಿಗೆ ಹೋಗುತ್ತದೆ ಎಂದು ತಿಳಿಸಿ, ಹೆಸರು ಕರೆಯತೊಡಗಿದರು. ಒಬ್ಬೊಬ್ಬರೂ ಎದ್ದು, ಎಷ್ಟು ಸಲೀಸಾಗಿ “ಎಸ್ ಸರ್” ಎನ್ನುತ್ತಿದ್ದರು! ನನ್ನ ಹೆಸರು ಎಲ್ಲರಿಗಿಂತ ಕೊನೆಗೆ. ಕರೆದರು. ನಾನು ಬಾಯಿ ತೆರೆಯಬೇಕೆಂದುಕೊಂಡೆ. ಬಾಕಿನ ಅಂಚು ಹಿಡಿದು ಕೂತೇ ಇದ್ದೆ. ಅವರು ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಕರೆದರು. ಪೆನ್ನು ಪುಸ್ತಕದ ಮೇಲೆ ಇಳಿಯಿತು.

“ಅದಾಳ್ರೀ ಸರ! ಅಲ್ಲೇ ಅದಾಳ ನೋಡ್ರಿ, ಮೂರನೇ ಬಾಕಿನ ಮ್ಯಾಲ! ಅಂಜ್ಯಾಳ್ರೀ ಅಷ್ಟ!”

ದನಿ ವರಾಂಡದ ಕಿಟಕಿಯಿಂದ ಬಂತು. ಇಡೀ ತರಗತಿ ನಕ್ಕಿತು. ನಾನು ಎದ್ದು ನಿಂತೆ. ಪ್ರಾಧ್ಯಾಪಕರೂ ನಗುತ್ತ, ಕೂಡಲು ಸನ್ನೆ ಮಾಡಿ, ಪುಸ್ತಕದಲ್ಲಿ ಏನೋ ಬರೆದರು. ತರಗತಿ ಮುಗಿದು ಹೊರಗೆ ಓಡಿಬಂದರೆ ವರಾಂಡದಲ್ಲಿ ಯಾರೂ ಇರಲಿಲ್ಲ.

ದಸರೆಯ ರಜೆಗೆ ಊರಿಗೆ ಹೋದಾಗ ಕೇಳಿದೆ. ಮಾಮಾ ಮಗ್ಗದಿಂದ ತಲೆ ಎತ್ತಲಿಲ್ಲ. “ನಾನೇನು ಅಲ್ಲೇ ಕುಂತಿದ್ನೇನು? ಹತ್ತರ ಬಸ್ಸಿಗೆ ಬಂದೆ. ನಿನ್ನ ಕ್ಲಾಸ್ ಹೊತ್ತಿಗೆ ಸವದತ್ತಿ ಹತ್ರ ಇದ್ದೆ.” ಅವತ್ತು ಅವರು ಮನೆಗೇ ಬರಲಿಲ್ಲ, ಮರುದಿನ ಬಂದರು ಎಂದು ಅತ್ತೆ ಒಳಗಿನಿಂದ ಹೇಳಿದರು. “ಅಕಿಗೇನ್ ಗೊತ್ತು,” ಎಂದರು ಮಾಮಾ. ಕೊನೆಯವರೆಗೂ ಅದನ್ನೇ ಸಾಧಿಸಿದರು. ಈಗ ಕೇಳಲು ಅವರೂ ಇಲ್ಲ, ಅತ್ತೆಯೂ ಇಲ್ಲ. ಕೆಲವೊಮ್ಮೆ ನನಗೇ ಸಂಶಯ ಬರುತ್ತದೆ: ಕಿಟಕಿಯಲ್ಲಿ ನಾನು ಮುಖ ನೋಡಿದೆನೋ, ದನಿ ಮಾತ್ರ ಕೇಳಿದೆನೋ? ಅದು ಅವರದೇ ದನಿಯೋ, ನನ್ನ ಪಾಡು ನೋಡಿದ ನಮ್ಮ ಕಡೆಯ ಇನ್ಯಾರದೋ?

ಆದರೆ ಆ ಹಾಜರಿ ಪುಸ್ತಕದಲ್ಲಿ ಮೊದಲ ದಿನ ನನ್ನ ಹೆಸರಿನ ಮುಂದೆ ‘ಹಾಜರು’ ಎಂದು ಬರೆದಿತ್ತು. ಹೇಳಿದ್ದು ನಾನಲ್ಲ. ಇಷ್ಟು ಮಾತ್ರ ನನಗೆ ಖಚಿತವಾಗಿ ನೆನಪಿದೆ.